ಬರ್ಬರ್ ಕುದುರೆ: ಹೆಸರು ಮರೆತುಹೋದ ಒಂದು ತಳಿ

ಕುದುರೆಯ ಮಾತು ಬಂದಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರು ಅರಬಿ ಕುದುರೆಯದು. ಅದಕ್ಕೆ ಕಾರಣವೂ ಇದೆ. ವಿಜಯನಗರದ ಅರಸರಿಗಾಗಿ ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದುದು ಅರೇಬಿಯ ಮತ್ತು ಹುರ್ಮುಜ್ ಕಡೆಯ ಕುದುರೆಗಳೇ. ಆದರೆ ಇಸ್ಲಾಮೀ ಇತಿಹಾಸದ ಪಶ್ಚಿಮ ಭಾಗದಲ್ಲಿ, ಅಂದರೆ ಮಗ್ರಿಬ್ ಮತ್ತು ಅಂದಲುಸ್‌ನಲ್ಲಿ, ಭಾರ ಹೊತ್ತದ್ದು ಬಹುಮಟ್ಟಿಗೆ ಇನ್ನೊಂದು ತಳಿ. ಅದುವೇ ಬರ್ಬರ್ ಕುದುರೆ.

ಮೊರೊಕ್ಕೊ, ಅಲ್ಜೀರಿಯ, ಟುನೀಶಿಯಗಳು ಇದರ ತವರು. ನೋಡಲು ಇದು ಅರಬಿ ಕುದುರೆಯಷ್ಟು ಅಂದವಾದುದಲ್ಲ. ಅರಬಿ ಕುದುರೆಯ ಮುಖ ಒಳಬಾಗಿದ್ದರೆ ಇದರದು ನೇರ ಅಥವಾ ಸ್ವಲ್ಪ ಉಬ್ಬಿದ್ದು. ಹಿಂಭಾಗ ಇಳಿಜಾರು, ಬಾಲ ಕೆಳಗೆ. ಚಂದದ ಕೊರತೆಯನ್ನು ಅದು ಸಹನೆಯಿಂದ ತುಂಬಿಕೊಡುತ್ತದೆ: ಕಡಿಮೆ ಮೇವು, ಕಡಿಮೆ ನೀರು, ಕಲ್ಲುಹಾದಿ, ಉರಿಬಿಸಿಲು ಯಾವುದಕ್ಕೂ ಅದು ಎದೆಗುಂದದು. ಇಸ್ಲಾಮ್ ಆ ನಾಡಿಗೆ ತಲುಪುವ ಎಷ್ಟೋ ಶತಮಾನಗಳ ಮೊದಲೇ ಅಲ್ಲಿಯ ನುಮಿಡಿಯದ ಸವಾರರು ಕಡಿವಾಣವಿಲ್ಲದೆ, ಕೊರಳಿಗೆ ಒಂದು ಹಗ್ಗ ಮಾತ್ರ ಕಟ್ಟಿ ಕುದುರೆಯನ್ನು ನಡೆಸುತ್ತಿದ್ದರು. ಹ್ಯಾನಿಬಲ್‌ನ ದಂಡಿನಲ್ಲಿ ಅವರಿದ್ದರು. ರೋಮ್ ನಗರದ ಟ್ರಾಜನ್ ಸ್ತಂಭದಲ್ಲಿ ಅಂಥ ಸವಾರರ ಕೆತ್ತನೆ ಇಂದಿಗೂ ಇದೆ.

ಕ್ರಿ.ಶ. 711ರಲ್ಲಿ ತಾರಿಕ್ ಬಿನ್ ಝಿಯಾದ್ ಜಲಸಂಧಿ ದಾಟಿದಾಗ ಅವರ ಸೇನೆಯ ಬಹುಪಾಲು ಯೋಧರು ಬರ್ಬರರು. ಮುಂದಿನ ಶತಮಾನಗಳಲ್ಲಿ ಬರ್ಬರ್ ಗೋತ್ರಗಳೂ ಅವರ ಕುದುರೆಗಳೂ ಅಂದಲುಸ್‌ನಲ್ಲಿ ನೆಲೆಯೂರಿದವು. ಅವುಗಳಲ್ಲಿ ಝನಾತಾ ಗೋತ್ರದವರು ಗಿಡ್ಡ ರಿಕಾಪು ಕಟ್ಟಿ, ಮೊಣಕಾಲು ಮಡಿಸಿ, ಹಗುರವಾಗಿ ಸವಾರಿ ಮಾಡುವುದರಲ್ಲಿ ನಿಪುಣರು. ಸ್ಪೇನ್ ಭಾಷೆಯಲ್ಲಿ ಕುದುರೆ ಸವಾರನಿಗಿರುವ ‘ಹಿನೇತೆ’ ಎಂಬ ಪದ ಈ ಗೋತ್ರದ ಹೆಸರಿನಿಂದಲೇ ಬಂದದ್ದು. ಅಧಿಕಾರ ಹೋದ ಮೇಲೂ ಪದ ಉಳಿಯಿತು. ಬರ್ಬರ್ ರಕ್ತ ಬೆರೆತ ಸ್ಪೇನಿನ ಕುದುರೆಗಳು ಕೊಲಂಬಸ್‌ನ 1493ರ ಎರಡನೆಯ ಯಾನದಿಂದ ಮೊದಲ್ಗೊಂಡು ಅಮೆರಿಕ ಸೇರಿದವು.

ಇಂಗ್ಲೆಂಡಿನ ಪಂದ್ಯದ ಕುದುರೆಗಳ ಮೂಲ ಪುರುಷರೆನಿಸಿದ ಮೂರರಲ್ಲಿ ಒಂದು, ಟುನೀಶಿಯದ ಬೇ ಫ್ರಾನ್ಸಿನ ದೊರೆಗೆ ಕಳುಹಿಸಿದ ಕಾಣಿಕೆ ಎನ್ನಲಾಗುತ್ತದೆ. ಅದಕ್ಕೆ ಗೊಡಾಲ್ಫಿನ್ ಅರೇಬಿಯನ್ ಎಂದೂ ಗೊಡಾಲ್ಫಿನ್ ಬಾರ್ಬ್ ಎಂದೂ ಎರಡು ಹೆಸರು. ಟುನೀಶಿಯದಿಂದ ಹೊರಟ ಮಾತ್ರಕ್ಕೆ ಅದು ಬರ್ಬರ್ ತಳಿಯದೆಂದು ವಾದಿಸುವುದು ನ್ಯಾಯವಲ್ಲ. ಆದರೆ ಜನಮನದಲ್ಲಿ ಉಳಿದದ್ದು ಮೊದಲ ಹೆಸರು ಮಾತ್ರ.

ಈ ತಳಿಯ ಪರವಾಗಿ ಗಟ್ಟಿಯಾಗಿ ಮಾತನಾಡಿದವರು ಅಲ್ಜೀರಿಯದ ಅಮೀರ್ ಅಬ್ದುಲ್ ಕಾದಿರ್. ಹದಿನೈದು ವರ್ಷ ಫ್ರೆಂಚರ ವಿರುದ್ಧ ಕುದುರೆಯ ಬೆನ್ನ ಮೇಲೆಯೇ ಹೋರಾಡಿದವರು ಅವರು. 1847ರಲ್ಲಿ ಶರಣಾದಾಗ ಪೂರ್ವದ ಮುಸ್ಲಿಮ್ ನಾಡಿಗೆ ಕಳುಹಿಸುವುದಾಗಿ ಕೊಟ್ಟ ಮಾತನ್ನು ಫ್ರಾನ್ಸ್ ಮುರಿದು, 1852ರವರೆಗೆ ಅವರನ್ನು ಸೆರೆಯಲ್ಲಿಟ್ಟಿತು. ಆ ಅವಧಿಯಲ್ಲಿಯೇ, 1851ರಲ್ಲಿ, ಫ್ರೆಂಚ್ ಸೇನಾಧಿಕಾರಿ ದೋಮಾ ಸಹಾರಾದ ಕುದುರೆಗಳ ಕುರಿತು ಒಂದು ಗ್ರಂಥ ಪ್ರಕಟಿಸಿದರು. ನಂತರದ ಮುದ್ರಣಗಳಲ್ಲಿ ಅಮೀರರ ವಿವರಣೆಗಳೂ ಸೇರಿದವು. ತಮ್ಮನ್ನು ಸೋಲಿಸಿದ ಸೇನೆಯ ಅಧಿಕಾರಿಗೆ ಅವರು ಮೇವು, ನೀರು, ಮರಿಗಳ ಪಾಲನೆ ಎಲ್ಲವನ್ನೂ ವಿವರಿಸಿದರು. ಬರ್ಬರ್ ಕುದುರೆಯ ಮೂಲ ಅರಬಿಯೇ ಎಂಬುದು ಅವರ ಅಭಿಪ್ರಾಯ. ಅದನ್ನು ಇಂದು ಒಪ್ಪುವುದು ಕಷ್ಟ. ಆದರೆ ಅದು ಅರಬಿ ಕುದುರೆಯ ಕೆಟ್ಟುಹೋದ ರೂಪವಲ್ಲವೆಂಬ ಅವರ ಮಾತಿನಲ್ಲಿ ಸತ್ಯವಿದೆ.

ವಿಚಿತ್ರವೆಂದರೆ ಈ ತಳಿಗೆ ಅಪಾಯ ಬಂದದ್ದು ಮೆಚ್ಚುಗೆಯ ಮೂಲಕವೇ. ಸೇನೆಗೆ ಉತ್ತಮ ಕುದುರೆ ಬೇಕೆಂದು ಫ್ರೆಂಚರು ಅರಬಿ ಗಂಡುಗಳನ್ನು ಬರ್ಬರ್ ಹೆಣ್ಣುಗಳೊಂದಿಗೆ ಕೂಡಿಸಿದರು. ಮಿಶ್ರತಳಿ ಹೆಚ್ಚಿತು, ಶುದ್ಧ ತಳಿ ಕುಗ್ಗಿತು. ಅದನ್ನು ಉಳಿಸಲು 1987ರಲ್ಲಿ ಅಲ್ಜೀರ್ಸ್‌ನಲ್ಲಿ ಬರ್ಬರ್ ಕುದುರೆಯ ವಿಶ್ವ ಸಂಘಟನೆ ಸ್ಥಾಪನೆಯಾಯಿತು. ಸವಾರರು ಸಾಲಾಗಿ ನುಗ್ಗಿ ಒಮ್ಮೆಲೇ ಕೋವಿ ಹಾರಿಸುವ ಮೊರೊಕ್ಕೊದ ‘ತಬೂರಿದಾ’ 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿ ಓಡುವವು ಹೆಚ್ಚಾಗಿ ಬರ್ಬರ್ ಮತ್ತು ಅರಬ್-ಬರ್ಬರ್ ಕುದುರೆಗಳು.