ನೀರಿನ ವರದಿಯನ್ನು ನಂಬುವುದು ಹೇಗೆ? ಎರಡು ಬಾಟಲಿಗಳ ಕಾನೂನಿನಿಂದ ಇಲ್ಲಿಯವರೆಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತನಿಗೆ ಅಂಕಿಗಳ ಮೇಲೆ ಅನುಮಾನ ಪಡುವುದನ್ನು ಯಾರೂ ಕಲಿಸಬೇಕಿಲ್ಲ. ಕಬ್ಬಿನ ಗಾಡಿ ಕಾರ್ಖಾನೆಯ ಕಾಟಾ ಮೇಲೆ ನಿಂತರೆ ಅವನ ಕಣ್ಣೆಲ್ಲ ತೂಕದ ಮೇಲೆ. ಡೇರಿಯಲ್ಲಿ ಹಾಲಿನ ಫ್ಯಾಟ್ ಕಡಿಮೆ ಬಂದರೆ 'ಇನ್ನೊಮ್ಮೆ ನೋಡ್ರಿ' ಅನ್ನುತ್ತಾನೆ. ಆದರೆ ಊರಿನ ಬೋರ್‌ವೆಲ್ ನೀರು 'ಕುಡಿಯಲು ಯೋಗ್ಯ' ಎಂದು ಒಂದು ಹಾಳೆ ಬಂದರೆ, ಅದನ್ನು ಯಾರು ಪರೀಕ್ಷಿಸಿದರು, ಹೇಗೆ ಪರೀಕ್ಷಿಸಿದರು ಎಂದು ನಾವು ಕೇಳುವುದು ಕಡಿಮೆ.

ಆ ಹಾಳೆಯನ್ನು ನಂಬಬಹುದೇ ಎಂಬ ಪ್ರಶ್ನೆಗೆ ಒಂದು ಇತಿಹಾಸವೇ ಇದೆ. ಅದು ಗೊತ್ತಿದ್ದರೆ ಗ್ರಾಮಸಭೆಯಲ್ಲಿ ಏನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಎಷ್ಟು ನೀರು, ಎಂಥ ನೀರು

ಘಟಪ್ರಭೆಯ ನೀರನ್ನು ಲೆಕ್ಕ ಹಾಕುವುದು ಹಳೆಯ ಕೆಲಸ. 1897ರ ಧೂಪದಾಳ ಒಡ್ಡು, ಗೋಕಾಕ ಫಾಲ್ಸ್‌ನ ಗಿರಣಿ, ಆಮೇಲೆ ಹಿಡಕಲ್ ಡ್ಯಾಂ, ಎಲ್ಲವೂ ನೀರು ಎಷ್ಟಿದೆ ಎಂಬ ಲೆಕ್ಕದ ಮೇಲೆಯೇ ನಿಂತವು. ನೀರಿನಲ್ಲಿ ಏನಿದೆ ಎಂದು ಕೇಳುವ ರಾಷ್ಟ್ರೀಯ ಕಾನೂನು ಬಂದದ್ದು ಬಹಳ ತಡವಾಗಿ, 1974ರಲ್ಲಿ. ಅದೇ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆ. ನೀರು ರಾಜ್ಯಗಳ ವಿಷಯವಾದ್ದರಿಂದ ಕೆಲವು ರಾಜ್ಯಗಳು ಮೊದಲೇ ನಿರ್ಣಯ ಮಾಡಿ ಸಂಸತ್ತನ್ನು ಕೇಳಿಕೊಂಡಿದ್ದವು. ಅವುಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು.

ಕಾಯ್ದೆಯ 21ನೇ ಕಲಮನ್ನು ಓದಿದರೆ ಬರೆದವರು ಲೋಕ ಕಂಡವರು ಅನ್ನಿಸುತ್ತದೆ. ಕಾರ್ಖಾನೆಯ ಹೊರನೀರಿನ ಮಾದರಿ ತೆಗೆಯುವ ಅಧಿಕಾರಿ ಅಲ್ಲಿಯೇ ಮಾಲೀಕನಿಗೆ ನೋಟಿಸ್ ಕೊಡಬೇಕು. ಮಾದರಿಯನ್ನು ಅವನ ಎದುರಿಗೇ ಎರಡು ಪಾಲು ಮಾಡಬೇಕು. ಎರಡಕ್ಕೂ ಸೀಲ್ ಹಾಕಿ, ಇಬ್ಬರೂ ಸಹಿ ಮಾಡಬೇಕು. ಒಂದು ಪಾಲು ಮಂಡಳಿಯ ಅಥವಾ ಮಂಡಳಿ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಹೋಗುತ್ತದೆ. ಮಾಲೀಕ ಕೇಳಿದರೆ ಇನ್ನೊಂದು ಪಾಲು ರಾಜ್ಯದ ಪ್ರಯೋಗಾಲಯಕ್ಕೆ. ಈ ಕ್ರಮ ತಪ್ಪಿದರೆ ವರದಿ ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಇದು ಬರೀ ಕಾಗದದ ಮಾತಲ್ಲ. ದಿಲ್ಲಿಯ ಒಂದು ತಂಪು ಪಾನೀಯ ಕಾರ್ಖಾನೆಯ ವಿರುದ್ಧ ಕೇಂದ್ರ ಮಂಡಳಿ ಕೋರ್ಟಿಗೆ ಹೋಗಿತ್ತು. ಮಾದರಿಯ ಪರೀಕ್ಷೆ 21ನೇ ಕಲಮಿನಂತೆ ನಡೆದಿಲ್ಲ ಎಂದು ದಿಲ್ಲಿ ಹೈಕೋರ್ಟ್ ಆ ವರದಿಯನ್ನೇ ಒಪ್ಪಲಿಲ್ಲ. 1986ರ ಕಾನೂನು ವರದಿಗಳಲ್ಲಿ ಈ ತೀರ್ಪು ಇದೆ. ಹೊರಗೆ ಬಿಟ್ಟ ನೀರು ಹೊಲಸಾಗಿತ್ತೋ ಇಲ್ಲವೋ ಎಂಬುದಕ್ಕಿಂತ ಮೊದಲು ಬಾಟಲಿ ಯಾರ ಕೈಯಿಂದ ಎಲ್ಲಿಗೆ ಹೋಯಿತು ಎಂಬುದೇ ಮುಖ್ಯವಾಯಿತು.

ಎರಡು ಬಾಟಲಿ, ಎರಡು ಉತ್ತರ

ಸೀಲ್ ಸರಿಯಾಗಿದೆ, ಸಹಿಯೂ ಇದೆ ಅಂದುಕೊಳ್ಳಿ. ಒಂದೇ ಬಾವಿಯ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 38 ಮಿಲಿಗ್ರಾಂ ಎಂದು ಒಂದು ಲ್ಯಾಬ್ ಹೇಳುತ್ತದೆ, 52 ಎಂದು ಇನ್ನೊಂದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ನೈಟ್ರೇಟ್ ಮಿತಿ 45. ಮೊದಲ ಹಾಳೆ ನಂಬಿದರೆ ಬಾವಿ ಸರಿ, ಎರಡನೆಯದನ್ನು ನಂಬಿದರೆ ಕೂಸುಗಳಿಗೆ ಅಪಾಯ. ಕಾಲುವೆ ನೀರು, ಕಬ್ಬು, ಚೀಲಗಟ್ಟಲೆ ಯೂರಿಯಾ ಇರುವ ಸೀಮೆಯಲ್ಲಿ ಇದು ದೂರದ ಮಾತಲ್ಲ. ನೈಟ್ರೇಟ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕುದಿಸಿದರೂ ಹೋಗುವುದಿಲ್ಲ. ಅದು ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಪರೀಕ್ಷೆ ಮಾತ್ರ.

ಹಾಗಾದರೆ ಪರೀಕ್ಷೆ ಮಾಡುವವರನ್ನು ಪರೀಕ್ಷಿಸುವವರು ಯಾರು?

ಈ ಪ್ರಶ್ನೆಗೆ ಮೊದಲು ಉತ್ತರ ಹುಡುಕಿದ ದೇಶ ಆಸ್ಟ್ರೇಲಿಯಾ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಪ್ರಯೋಗಾಲಯಗಳನ್ನೇ ತಪಾಸಣೆ ಮಾಡಿ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆಯನ್ನು ಅದು ಕಟ್ಟಿತು. ಭಾರತದಲ್ಲಿ 1980ರ ದಶಕದ ಆರಂಭದಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಈ ಕೆಲಸ ಶುರು ಮಾಡಿತು. 1990ರ ದಶಕದಲ್ಲಿ ಅದಕ್ಕೆ ಎನ್‌ಎಬಿಎಲ್ ಎಂಬ ಹೆಸರು ಬಂತು. 1999ರಲ್ಲಿ ಐಎಸ್‌ಒ 17025 ಎಂಬ ಜಾಗತಿಕ ಮಾನದಂಡ ಹೊರಬಂತು. 2000ನೇ ಇಸವಿಯಲ್ಲಿ ಅನೇಕ ದೇಶಗಳ ಮಾನ್ಯತಾ ಸಂಸ್ಥೆಗಳು ಪರಸ್ಪರರ ವರದಿ ಒಪ್ಪುವ ಒಪ್ಪಂದಕ್ಕೆ ಸಹಿ ಹಾಕಿದವು, ಎನ್‌ಎಬಿಎಲ್ ಕೂಡ ಸೇರಿತು.

ಎನ್‌ಎಬಿಎಲ್‌ನವರು ನೋಡುವುದು ಕಟ್ಟಡದ ಅಂದವನ್ನಲ್ಲ. ಯಂತ್ರದ ಅಳತೆಯನ್ನು ಗೊತ್ತಿರುವ ದ್ರಾವಣದಿಂದ ತಾಳೆ ನೋಡಿದ್ದಾರೆಯೇ? ಪರೀಕ್ಷಿಸುವವರಿಗೆ ತರಬೇತಿ ಇದೆಯೇ? ಪುಸ್ತಕದಲ್ಲಿ ಬರೆದ ಅಂಕಿಯೇ ವರದಿಗೆ ಹೋಗಿದೆಯೇ? ಇನ್ನೊಂದು ಕ್ರಮವೂ ಇದೆ. ಒಂದೇ ಮಾದರಿಯನ್ನು ಹತ್ತಾರು ಲ್ಯಾಬ್‌ಗಳಿಗೆ ಕಳಿಸಿ, ಯಾರ ಉತ್ತರ ಉಳಿದವರಿಗಿಂತ ದೂರ ಇದೆ ಎಂದು ನೋಡುತ್ತಾರೆ. ಡೇರಿಯಲ್ಲಿ 'ಇನ್ನೊಮ್ಮೆ ನೋಡ್ರಿ' ಅನ್ನುವ ನಮ್ಮ ರೈತನ ಬುದ್ಧಿಯೇ ಇದು, ನಿಯಮವಾಗಿ ಬಂದಿದೆ ಅಷ್ಟೆ.

ದೊಡ್ಡ ದೇಶಗಳಲ್ಲೂ ಇದು ಸಲೀಸಾಗಿ ಆಗಲಿಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ ಇತ್ತು. ನೀರು, ಮಣ್ಣು, ಗಾಳಿ ಪರೀಕ್ಷಿಸುವ ಲ್ಯಾಬ್‌ಗಳಿಗೆ ಒಂದೇ ರಾಷ್ಟ್ರೀಯ ಮಾನದಂಡ ಬೇಕೆಂದು 1995ರಲ್ಲಿ ರಾಜ್ಯಗಳು ಮತ್ತು ಕೇಂದ್ರ ಸೇರಿ ಕೆಲಸ ಆರಂಭಿಸಿದವು. ಅದೇ ಕಾಲದಲ್ಲಿ ಟೆಕ್ಸಾಸ್‌ನ ಒಂದು ದೊಡ್ಡ ಲ್ಯಾಬ್ ಯಂತ್ರದ ತಾಳೆ ಸರಿ ಇಲ್ಲದಿದ್ದರೂ ಸರಿ ಇದೆ ಎಂದು ತೋರಿಸಿ ವರದಿ ಕೊಡುತ್ತಿತ್ತು. 2001ರಲ್ಲಿ ತಪ್ಪೊಪ್ಪಿಕೊಂಡು 90 ಲಕ್ಷ ಡಾಲರ್ ದಂಡ ಕಟ್ಟಿತು. ಒಳ್ಳೆಯ ಯಂತ್ರ ಇದ್ದರೆ ಸಾಲದು, ಅದರ ಮೇಲೆ ಹೊರಗಿನವರ ಕಣ್ಣೂ ಬೇಕು.

ಹಾಳೆಯಲ್ಲಿ ಏನು ನೋಡಬೇಕು

ತುಕ್ಕಾನಟ್ಟಿಯಲ್ಲಿ ಬರ್ಡ್ಸ್ ಕೃಷಿ ವಿಜ್ಞಾನ ಕೇಂದ್ರ ಇರುವುದರಿಂದ ಮಣ್ಣು ಪರೀಕ್ಷೆ ನಮ್ಮ ಕಡೆಯ ಮಂದಿಗೆ ಹೊಸದಲ್ಲ. ಆದರೆ ಗೊಬ್ಬರ ಎಷ್ಟು ಹಾಕಬೇಕು ಎಂದು ತಿಳಿಯುವ ಪರೀಕ್ಷೆ ಬೇರೆ, ಕುಡಿಯುವ ನೀರಿನ ಪರೀಕ್ಷೆ ಬೇರೆ, ಕೋರ್ಟಿನಲ್ಲಿ ನಿಲ್ಲಬೇಕಾದ ಪರೀಕ್ಷೆ ಇನ್ನೂ ಬೇರೆ.

ಮೊದಲನೆಯದಾಗಿ, ಎನ್‌ಎಬಿಎಲ್ ಮಾನ್ಯತೆ ಇಡೀ ಲ್ಯಾಬ್‌ಗೆ ಒಟ್ಟಾಗಿ ಸಿಗುವುದಿಲ್ಲ. ಒಂದೊಂದು ಪರೀಕ್ಷೆಗೆ ಪ್ರತ್ಯೇಕವಾಗಿ ಸಿಗುತ್ತದೆ. ಗಡಸುತನಕ್ಕೆ ಮಾನ್ಯತೆ ಇರುವ ಲ್ಯಾಬ್‌ಗೆ ಕೀಟನಾಶಕದ ಪರೀಕ್ಷೆಗೆ ಇಲ್ಲದಿರಬಹುದು. ಯಾವುದಕ್ಕೆ ಇದೆ, ಯಾವ ತಾರೀಖಿನವರೆಗೆ ಇದೆ ಎಂಬುದನ್ನು ಎನ್‌ಎಬಿಎಲ್ ಜಾಲತಾಣದಲ್ಲಿ ಫೋನಿನಲ್ಲೇ ನೋಡಬಹುದು.

ಎರಡನೆಯದಾಗಿ, ಮಾದರಿ ಯಾರು ತಂದರು ಎಂದು ನೋಡಿ. 'ಗ್ರಾಹಕರು ತಂದ ಮಾದರಿ' ಎಂದಿದ್ದರೆ ಲ್ಯಾಬ್ ಆ ಬಾಟಲಿಗೆ ಮಾತ್ರ ಜವಾಬ್ದಾರ, ನಿಮ್ಮ ಬಾವಿಗೆ ಅಲ್ಲ. ರೋಗಾಣು ಪರೀಕ್ಷೆಯ ನೀರನ್ನು ಶುದ್ಧಗೊಳಿಸಿದ ಬಾಟಲಿಯಲ್ಲಿ ತುಂಬಿ, ತಂಪಾಗಿ ಇಟ್ಟು, 24 ಗಂಟೆಯೊಳಗೆ ಮುಟ್ಟಿಸಬೇಕು. ಹಳೆ ಪೆಪ್ಸಿ ಬಾಟಲಿಯಲ್ಲಿ ಬಿಸಿಲಲ್ಲಿ ಒಯ್ದ ನೀರಿಗೆ ಎಂಥ ಲ್ಯಾಬ್ ಇದ್ದರೂ ಸರಿ ಉತ್ತರ ಸಿಗದು.

ಮೂರನೆಯದಾಗಿ, ಏನೇನು ಪರೀಕ್ಷಿಸಿದ್ದಾರೆ ಎಂದು ನೋಡಿ. 1992ರಲ್ಲಿ ಬ್ರಿಟಿಷ್ ತಜ್ಞರು ಬಾಂಗ್ಲಾದೇಶದ ಕೊಳವೆ ಬಾವಿಗಳ ನೀರು ಪರೀಕ್ಷಿಸಿದರು, ಆದರೆ ಆರ್ಸೆನಿಕ್ ನೋಡಲಿಲ್ಲ. ಜನ ಆರ್ಸೆನಿಕ್ ಇದ್ದ ನೀರನ್ನೇ ಕುಡಿಯುತ್ತಿದ್ದರು. ಕೇಳದ ಪ್ರಶ್ನೆಗೆ ಯಾವ ವರದಿಯೂ ಉತ್ತರ ಕೊಡುವುದಿಲ್ಲ.

ಕಾರ್ಖಾನೆಯ ಮೇಲಿನ ದೂರಾದರೆ ಎನ್‌ಎಬಿಎಲ್ ಮುದ್ರೆಯೊಂದೇ ಸಾಲದು. ಕಾಯ್ದೆಯಡಿ ಮಾನ್ಯವಾದ ಲ್ಯಾಬ್ ಬೇಕು, ಮಾದರಿಯನ್ನು ಮಂಡಳಿಯೇ ತೆಗೆಯಬೇಕು. ನೀವು ತುಂಬಿದ ಬಾಟಲಿ ಮಂಡಳಿಯನ್ನು ಊರಿಗೆ ಕರೆಸಲು ಕಾರಣವಾಗಬಹುದು, ಆದರೆ ಅದೇ ಸಾಕ್ಷಿಯಾಗದು. 1988ರ ತಿದ್ದುಪಡಿಯ ನಂತರ 60 ದಿನದ ನೋಟಿಸ್ ಕೊಟ್ಟು ಯಾವ ನಾಗರಿಕನೂ ಕೋರ್ಟಿಗೆ ಹೋಗುವ ದಾರಿ ತೆರೆದಿದೆ.

2022ರ ಅಕ್ಟೋಬರ್‌ನಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಜೀವವೂ ಹೋಯಿತು. ಅಂಥದ್ದು ಆದ ಮೇಲೆ ಎಲ್ಲರೂ ಮಾದರಿ ಒಯ್ಯುತ್ತಾರೆ. 2021ರ ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಪ್ರತಿ ಊರಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸುವ ತರಬೇತಿ ಸಿಗಬೇಕು, ಸರ್ಕಾರಿ ನೀರಿನ ಲ್ಯಾಬ್‌ಗಳು ಕಡಿಮೆ ದರಕ್ಕೆ ಜನರಿಗೂ ತೆರೆದಿರಬೇಕು, ಅವು ಎನ್‌ಎಬಿಎಲ್ ಮಾನ್ಯತೆ ಪಡೆಯಬೇಕು.

ಮುಂದಿನ ಗ್ರಾಮಸಭೆಯಲ್ಲಿ ನಾಲ್ಕು ಪ್ರಶ್ನೆ ಕೇಳಿ. ನಮ್ಮೂರ ನೀರು ಕೊನೆಗೆ ಪರೀಕ್ಷೆಯಾದದ್ದು ಯಾವಾಗ? ಮಾದರಿ ತುಂಬಿದವರು ಯಾರು? ಲ್ಯಾಬ್ ಯಾವುದು? ಆ ಪರೀಕ್ಷೆಗೆ ಅದಕ್ಕೆ ಮಾನ್ಯತೆ ಇದೆಯೇ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ.