ಗೇಣಿದಾರನ ಹಕ್ಕು, ಕೂಲಿಯ ಪಾಡು: ಅಂಬೇಡ್ಕರರ 1947ರ ಮನವಿಯ ಬೆಳಕಿನಲ್ಲಿ ಕರ್ನಾಟಕದ ಭೂಸುಧಾರಣೆ

ಕರ್ನಾಟಕದಲ್ಲಿ ಸಮಾಜವಾದದ ಮಾತು ಕಾಗೋಡಿನಿಂದ ಆರಂಭವಾಗುವುದು ರೂಢಿ. 1951ರಲ್ಲಿ ಸಾಗರ ತಾಲ್ಲೂಕಿನ ಆ ಊರಿನ ಗೇಣಿದಾರರು ಸಿಡಿದೆದ್ದದ್ದು ಕೊಳಗದ ಅಳತೆಗಾಗಿ. ಗೇಣಿ ಭತ್ತ ಅಳೆಯಲು ಒಡೆಯರು ವಾಡಿಕೆಗಿಂತ ದೊಡ್ಡ ಕೊಳಗ ಬಳಸುತ್ತಿದ್ದರು. ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ‘ಉಳುವವನೇ ಹೊಲದೊಡೆಯ’ ಎಂಬ ಬೇಡಿಕೆ ದೇವರಾಜ ಅರಸರ ಆಡಳಿತದಲ್ಲಿ, 1974ರಲ್ಲಿ, ಕಾನೂನಿನ ಬಲ ಪಡೆಯಿತು. ಒಡೆತನ ಕೋರುವ ಅರ್ಜಿಯಾದ ಫಾರಂ 7 ಸಲ್ಲಿಸಿ ಭೂನ್ಯಾಯಮಂಡಳಿಯಲ್ಲಿ ಗೆದ್ದ ಗೇಣಿದಾರ ಜಮೀನಿನ ಒಡೆಯನಾದ.

ಅದೇ ಗದ್ದೆಯಲ್ಲಿ ನಾಟಿ ಮಾಡಿ, ಕಳೆ ಕಿತ್ತ ಕೂಲಿಯವರಿಗೆ ಗೇಣಿಯೇ ಇರಲಿಲ್ಲ. ಹಾಗಾಗಿ ಹಕ್ಕೂ ಹುಟ್ಟಲಿಲ್ಲ. ಅವರಲ್ಲಿ ದಲಿತರೇ ಬಹಳ. ಒಡೆತನಕ್ಕೆ ಕಾನೂನು ಹಾಕಿದ ಮಿತಿಗಿಂತ ಹೆಚ್ಚುವರಿ ಭೂಮಿಯ ಹಂಚಿಕೆಯೂ ಅಲ್ಪವೇ.

ಈ ಕೊರತೆಯನ್ನು ಅಂಬೇಡ್ಕರರು ಮೊದಲೇ ಕಂಡಿದ್ದರು. ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ 1947ರಲ್ಲಿ ಸಿದ್ಧಪಡಿಸಿದ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ಮನವಿಯಲ್ಲಿ ಅವರು ಮೂಲ ಕೈಗಾರಿಕೆ, ವಿಮೆ, ಕೃಷಿ ಮೂರೂ ಪ್ರಭುತ್ವದ ಒಡೆತನದಲ್ಲಿರಬೇಕೆಂದರು. ಜಮೀನನ್ನು ಜಾತಿಭೇದವಿಲ್ಲದೆ ಊರವರಿಗೆ ವಹಿಸಬೇಕು, ಸಾಗುವಳಿ ಸಾಮೂಹಿಕವಾಗಿರಬೇಕು, ನೀರು, ಉಳುವ ದನ, ಬೀಜ, ಗೊಬ್ಬರ ಸರ್ಕಾರ ಒದಗಿಸಬೇಕು. ಜಮೀನ್ದಾರ, ಗೇಣಿದಾರ, ಭೂಹೀನ ಕೂಲಿ ಎಂಬ ಮೂರು ವರ್ಗಗಳೂ ಇಲ್ಲವಾಗಬೇಕು. ಇದೆಲ್ಲ ಬಹುಮತದ ಮರ್ಜಿಗೆ ಸಿಗದಂತೆ ಸಂವಿಧಾನದಲ್ಲೇ ಸೇರಬೇಕು, ಸಂಸದೀಯ ಪ್ರಜಾಪ್ರಭುತ್ವವೂ ಉಳಿಯಬೇಕು ಎಂಬುದೇ ಈ ಯೋಜನೆಯ ಹೆಚ್ಚುಗಾರಿಕೆ. ಕೆಲಸವಿಲ್ಲದವನು ಹೊಟ್ಟೆಪಾಡಿಗಾಗಿ ತನ್ನ ಮೂಲಭೂತ ಹಕ್ಕುಗಳನ್ನೇ ಬಿಟ್ಟುಕೊಡಬೇಕಾಗುತ್ತದೆ ಎಂಬುದು ಅವರ ವಾದದ ತಿರುಳು. ಪ್ರಭುತ್ವವೇ ಒಡೆಯನಾದಾಗ ಅಧಿಕಾರಿಯ ದರ್ಪಕ್ಕೆ ಅಂಕುಶ ಯಾರದು? ಇದಕ್ಕೆ ಮನವಿಯಲ್ಲಿ ಸಾಲುವಷ್ಟು ಉತ್ತರವಿಲ್ಲ. ಸಮಾಜವಾದಿಗಳು ಈ ಪ್ರಶ್ನೆಯಿಂದ ನುಣುಚಿಕೊಳ್ಳಬಾರದು.

ಸಂವಿಧಾನ ಈ ಯೋಜನೆಯನ್ನು ಒಪ್ಪಲಿಲ್ಲ. ದುಡಿಮೆಯ ಹಕ್ಕು 41ನೇ ವಿಧಿಗೆ, ಅಂದರೆ ನಿರ್ದೇಶಕ ತತ್ವಗಳಿಗೆ ಸರಿಯಿತು. 37ನೇ ವಿಧಿ ಆ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಮಾಡಿಸಲು ಬರುವುದಿಲ್ಲವೆಂದಿತು. 2005ರ ಉದ್ಯೋಗ ಖಾತರಿ ಕಾಯ್ದೆ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟು, ಅರ್ಜಿ ಹಾಕಿದ 15 ದಿನದೊಳಗೆ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕೆಂದು ವಿಧಿಸಿತು. ಪರಿಹಾರದ ದಾರಿ ತೋರಿಸಿದ್ದರಿಂದಲೇ ಅದು ಹಕ್ಕಿನ ಹತ್ತಿರ ಬಂತು. ಆದರೆ ಒಡೆತನದ ತಂಟೆಗೆ ಅದು ಹೋಗಲಿಲ್ಲ.

ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆಯನ್ನು, ಕೊಳ್ಳುವವರ ಆದಾಯದ ಮಿತಿಯನ್ನು ತೆಗೆದುಹಾಕಿತು. ಕೊಳ್ಳುವವರ ಸ್ವಾತಂತ್ರ್ಯ ಹಿಗ್ಗಿತು. 1974ರಲ್ಲಿ ಬರಿಗೈಲಿ ಉಳಿದ ಕೂಲಿಯವರ ಮಕ್ಕಳಿಗೆ ಈ ತಿದ್ದುಪಡಿ ಒಂದು ಗುಂಟೆಯ ಹಕ್ಕನ್ನೂ ಕೊಡಲಿಲ್ಲ.