ತಾಂಬಾದಿಂದ ಶೂಟರ್ ಆಗಬೇಕಂದ್ರೆ: ಯಾವ ಗನ್, ಎಷ್ಟು ಮಾಡಿಫಿಕೇಶನ್, ಎಲ್ಲಿ ಕಾನೂನು

2016ರಲ್ಲಿ ಒಂದು ವಿಡಿಯೋ ಜಗತ್ತೆಲ್ಲ ಓಡಾಡಿತು. 'ಜಾನ್ ವಿಕ್' ಚಿತ್ರಕ್ಕಾಗಿ ನಟ ಕಿಯಾನು ರೀವ್ಸ್ ರೈಫಲ್, ಶಾಟ್‌ಗನ್, ಪಿಸ್ತೂಲು ಮೂರನ್ನೂ ಬದಲಿಸುತ್ತಾ, ಓಡುತ್ತಾ, ಒಂದರ ಹಿಂದೊಂದು ಗುರಿ ಕೆಡವುವ ತರಬೇತಿಯ ದೃಶ್ಯ. ಆಮೇಲೆ ಬಂದ ರೀಲ್ಸ್‌ಗೆ ಲೆಕ್ಕವಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯ ಹುಡುಗರ ಫೋನಿನಲ್ಲೂ ಅವು ಓಡುತ್ತವೆ. ಅದು ಸಿನಿಮಾದವರು ಹುಟ್ಟಿಸಿದ್ದಲ್ಲ, ಪ್ರಾಕ್ಟಿಕಲ್ ಶೂಟಿಂಗ್ ಅನ್ನೋ ನಿಜವಾದ ಕ್ರೀಡೆ. ಇದನ್ನು ನಮ್ಮಲ್ಲಿ ಆಡಬಹುದಾ, ಯಾವ ಗನ್ ಬೇಕು, ಮಾಡಿಫೈ ಮಾಡಿಸಬಹುದಾ ಅಂತ ಕೇಳುವವರಿಗೆ ಕನ್ನಡದಲ್ಲಿ ಒಂದೇ ಕಡೆ ಉತ್ತರ ಸಿಗುವುದಿಲ್ಲ. ಸಿಗದಿದ್ದಾಗ ಉತ್ತರ ಕೊಡೋಕೆ ಬೇರೆಯವರು ಬರುತ್ತಾರೆ. ಭೀಮಾ ತೀರದಲ್ಲಿ ಆ 'ಬೇರೆಯವರು' ಯಾರು ಅಂತ ಬಿಡಿಸಿ ಹೇಳಬೇಕಿಲ್ಲ.

ಮೊದಲು ಆಟದ ಲೆಕ್ಕ. ಇದರ ಅಂತಾರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿಯ ಕೊಲಂಬಿಯಾದಲ್ಲಿ. ಮೊದಲ ಅಧ್ಯಕ್ಷ ಜೆಫ್ ಕೂಪರ್. ಒಲಿಂಪಿಕ್ ಶೂಟಿಂಗ್‌ನಲ್ಲಿ ನಿಂತಲ್ಲೇ ನಿಂತು ಗುರಿ ಇಡುತ್ತೀರಿ. ಇಲ್ಲಿ ಓಡುತ್ತಾ, ಬಾಗುತ್ತಾ, ಮರೆಯಿಂದ ಇಣುಕುತ್ತಾ ಹೊಡೆಯಬೇಕು. ಬಂದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. 10 ಸೆಕೆಂಡಿನಲ್ಲಿ 80 ಅಂಕ ಅಂದರೆ ಹಿಟ್ ಫ್ಯಾಕ್ಟರ್ 8. ನಿಧಾನವಾಗಿ ಚೊಕ್ಕ ಹೊಡೆದವನೂ ಸೋಲಬಹುದು, ಗಡಿಬಿಡಿಯಲ್ಲಿ ಅಡ್ಡಾದಿಡ್ಡಿ ಹೊಡೆದವನೂ ಸೋಲಬಹುದು. ಸುರಕ್ಷತೆಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ಓಡುವಾಗ ಬೆರಳು ಟ್ರಿಗರ್ ಗಾರ್ಡಿನ ಒಳಗಿದ್ದರೆ ಇಡೀ ಪಂದ್ಯದಿಂದಲೇ ಹೊರಹಾಕಬಹುದು. ರೀಲ್ಸ್‌ನಲ್ಲಿ ಈ ಭಾಗ ಬರಲ್ಲ.

ಗನ್ ಆಯ್ಕೆ ಅಲ್ಲಿ ಡಿವಿಷನ್ ಮೇಲೆ ನಿಂತಿದೆ. ಓಪನ್ ಡಿವಿಷನ್‌ನಲ್ಲಿ ಎಲೆಕ್ಟ್ರಾನಿಕ್ ಸೈಟ್, ಗುಂಡಿನ ಒದೆತ ತಗ್ಗಿಸುವ ಕಾಂಪೆನ್ಸೇಟರ್, ದೊಡ್ಡ ಮ್ಯಾಗಜಿನ್ ಎಲ್ಲ ನಡೆಯುತ್ತದೆ. ಬೈಕಿನವರ ಭಾಷೆಯಲ್ಲಿ ಹೇಳಬೇಕಂದ್ರೆ ಅದು ರೇಸಿಂಗ್ ಮಷೀನು. ಪ್ರೊಡಕ್ಷನ್ ಡಿವಿಷನ್ ಶೋರೂಮಿನಿಂದ ತಂದ ಬೈಕಿದ್ದಂತೆ: ಒಕ್ಕೂಟದ ಪಟ್ಟಿಯಲ್ಲಿರುವ ಪಿಸ್ತೂಲೇ ಬೇಕು, ಬದಲಾವಣೆಗೆ ಹೆಚ್ಚು ಜಾಗವಿಲ್ಲ. ಸ್ಟ್ಯಾಂಡರ್ಡ್, ಕ್ಲಾಸಿಕ್, ರಿವಾಲ್ವರ್ ಡಿವಿಷನ್‌ಗಳೂ ಇವೆ. ಹೊಸಬರಿಗೆ ಎಲ್ಲ ಕಡೆ ಕೊಡುವ ಸಲಹೆ ಪ್ರೊಡಕ್ಷನ್‌ನಿಂದ ಶುರು ಮಾಡಿ ಅಂತ. ಅಲ್ಲಿ ದುಡ್ಡಿಗಿಂತ ಕೈ ಮುಖ್ಯ.

ಈಗ ಕಹಿ ಸುದ್ದಿ. ಈ ಆಟಕ್ಕೆ ಕನಿಷ್ಠ ಕ್ಯಾಲಿಬರ್ 9 ಎಂಎಂ. ಅದರ ಜೊತೆಗೆ ಪವರ್ ಫ್ಯಾಕ್ಟರ್ ಅನ್ನೋ ಲೆಕ್ಕವೂ ಇದೆ: ಗುಂಡಿನ ತೂಕವನ್ನು ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತಗೊಂಡು ಗುಣಿಸಿ, 1000ದಿಂದ ಭಾಗಿಸಬೇಕು. ಕನಿಷ್ಠ 125 ಬರಲೇಬೇಕು. 124 ಗ್ರೇನ್ ತೂಕದ 9 ಎಂಎಂ ಗುಂಡು 1050 ಅಡಿ ವೇಗದಲ್ಲಿ ಹೋದರೆ 130 ಬರುತ್ತದೆ, ಪಾಸು. ಭಾರತದಲ್ಲಿ ಜಿಲ್ಲಾಧಿಕಾರಿ ಕೊಡುವ ಲೈಸೆನ್ಸಿನಲ್ಲಿ ಸಿಗುವ ಪಾಯಿಂಟ್ 32 ಪಿಸ್ತೂಲಿನ ಗುಂಡು ಸುಮಾರು 71 ಗ್ರೇನ್, ವೇಗ 900 ಅಡಿ. ಗುಣಿಸಿ ನೋಡಿ, 64 ಬರುತ್ತದೆ. ಅರ್ಧದ ಹತ್ತಿರ ಹತ್ತಿರ ಅಷ್ಟೇ. ಯಾವ ಮಾಡಿಫಿಕೇಶನ್ನೂ ಈ ಅಂತರ ತುಂಬಲ್ಲ.

9 ಎಂಎಂ ಯಾಕೆ ಸಿಗಲ್ಲ? ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಸೈನ್ಯ, ಪೊಲೀಸರು ಬಳಸುವ 9 ಎಂಎಂ, ಪಾಯಿಂಟ್ 45, ಪಾಯಿಂಟ್ 380, ಪಾಯಿಂಟ್ 455 ತೋಟಾ ಹಾಕಬಹುದಾದ ಪಿಸ್ತೂಲು, ರಿವಾಲ್ವರ್ ಎಲ್ಲ 'ನಿಷೇಧಿತ ಬೋರ್'. ಅದಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೆ ಇಲ್ಲ, ಕೇಂದ್ರ ಗೃಹ ಸಚಿವಾಲಯಕ್ಕೆ ಮಾತ್ರ. ಕದ್ದ ಸರ್ಕಾರಿ ತೋಟಾ ಖಾಸಗಿ ಗನ್‌ಗೆ ಹೊಂದಬಾರದು ಅನ್ನೋ ಬ್ರಿಟಿಷರ ಕಾಲದ ಅಂಜಿಕೆ ಇದರ ಹಿಂದಿದೆ. ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗೆ ಪಾಯಿಂಟ್ 32 ರಿವಾಲ್ವರ್, ಪಿಸ್ತೂಲನ್ನೇ ಮಾಡುತ್ತಾ ಬಂದದ್ದೂ ಇದೇ ಕಾರಣಕ್ಕೆ. ಹಾಗಾಗಿ ರೀಲ್ಸ್‌ನಲ್ಲಿ ಕಾಣುವ ಆಟಕ್ಕೆ ತಾಂಬಾದಿಂದ ಅಷ್ಟೇ ಅಲ್ಲ, ಬೆಂಗಳೂರಿನಿಂದಲೂ ಸಾಮಾನ್ಯನಿಗೆ ನೇರ ದಾರಿ ಇಲ್ಲ. ಈ ನಿಯಮ ಸಡಿಲಿಸಿ ಅಂತ ವಾದಿಸುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಆದರೆ ದಾರಿ ಇಲ್ಲದ ಕಡೆ ದಾರಿ ಇದೆ ಅಂತ ತೋರಿಸುವ ವಿಡಿಯೋಗಳ ಬಗ್ಗೆ ಸಿಟ್ಟಿದೆ.

ಹತ್ತಿರದ ಸಂಬಂಧಿ

ವೇಗ ಬೇಕು ಅನ್ನುವವರಿಗೆ ಒಲಿಂಪಿಕ್‌ನಲ್ಲೇ ಒಂದು ಆಟ ಇದೆ: 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲ್. ಐದು ಗುರಿ, ಐದು ಗುಂಡು. ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4 ಸೆಕೆಂಡಿನಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ತೋಟಾ ಪಾಯಿಂಟ್ 22, ಅಂದ್ರೆ ನಿಷೇಧಿತ ಬೋರ್ ಅಲ್ಲ. ಓಡಾಟವೊಂದು ಇಲ್ಲ, ಉಳಿದಂತೆ ಎದೆ ಬಡಿತ ಅದೇ.

ಆದರೆ ಮೊದಲ ಮೆಟ್ಟಿಲು ಅದೂ ಅಲ್ಲ, 10 ಮೀಟರ್ ಏರ್ ಪಿಸ್ತೂಲು ಅಥವಾ ಏರ್ ರೈಫಲ್. ಕಾರಣ ಕಾನೂನಿನಲ್ಲೇ ಇದೆ. 4.5 ಎಂಎಂ ಬೋರ್ ಮತ್ತು 20 ಜೂಲ್ ಶಕ್ತಿ ಮೀರದ ಗಾಳಿ ಬಂದೂಕಿಗೆ 2016ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲಿನ ಪೆಲೆಟ್ ಸುಮಾರು ಅರ್ಧ ಗ್ರಾಂ, ವೇಗ ಸೆಕೆಂಡಿಗೆ 160 ಮೀಟರ್ ಆಸುಪಾಸು. ಪಿಯುಸಿಯ ಚಲನಶಕ್ತಿ ಸೂತ್ರ ಹಾಕಿದರೆ ಆರೂವರೆ ಜೂಲ್ ಬರುತ್ತದೆ. ಮಿತಿಯ ಮೂರನೇ ಒಂದು ಭಾಗ. ಇದನ್ನು ಕಡೆಗಣಿಸಬೇಡಿ. ಪಿಸ್ತೂಲ್ ಗುರಿಯ ನಡುವಿನ 10 ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್, ರೈಫಲ್ ಗುರಿಯಲ್ಲಿ ಬರೀ ಅರ್ಧ ಮಿಲಿಮೀಟರ್ ಚುಕ್ಕೆ.

ಮಾಡಿಫಿಕೇಶನ್ ಅನ್ನೋದಕ್ಕೆ ಸ್ಪರ್ಧೆಯಲ್ಲಿ ಏನು ಅರ್ಥ ಅಂತ ಇಲ್ಲಿ ತಿಳಿಯುತ್ತದೆ. ವಿಜಯಪುರ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆ, ಅಲ್ಲಿನವರಿಗೆ ಹೇಳುವುದು ಸುಲಭ: ಸೀಟಿನ ಎತ್ತರ, ಹ್ಯಾಂಡಲ್ಲಿನ ದೂರ ಮೈಗೆ ಹೊಂದಿಸಿಕೊಳ್ಳುತ್ತಾರಲ್ಲ, ಇದೂ ಹಾಗೇ. ಎಂಜಿನ್ ಕಟ್ಟುವ ಮಾತಲ್ಲ. ಮೊದಲನೆಯದು ಗ್ರಿಪ್. ಏರ್ ಪಿಸ್ತೂಲಿನ ಮರದ ಹಿಡಿಯನ್ನು ನಿಮ್ಮ ಅಂಗೈ ಅಳತೆಗೆ ಅರದಿಂದ ಉಜ್ಜಿ, ಪುಟ್ಟಿ ಹಚ್ಚಿ ಹೊಂದಿಸುತ್ತಾರೆ. ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ, ತೋಳೆತ್ತಿ, ಕಣ್ಣು ಬಿಟ್ಟಾಗ ಹಿಂದಿನ ಮುಂದಿನ ಸೈಟುಗಳು ತಾವಾಗೇ ಒಂದೇ ಸಾಲಿನಲ್ಲಿದ್ದರೆ ಗ್ರಿಪ್ ಸರಿ. ಮಣಿಕಟ್ಟು ತಿರುಚಿ ಸಾಲು ಹಿಡಿಸಬೇಕಾದರೆ ತಪ್ಪು. ಇದೊಂದು ಸರಿಹೋದರೆ ಉಳಿದದ್ದಕ್ಕೆಲ್ಲ ಅರ್ಥ.

ಎರಡನೆಯದು ಟ್ರಿಗರ್ ತೂಕ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ. ಅರ್ಧ ಲೀಟರ್ ಮತ್ತು ಒಂದು ಲೀಟರ್ ನೀರಿನ ಬಾಟಲಿ ಅಂತ ನೆನಪಿಡಿ. ಪರೀಕ್ಷೆಯಲ್ಲೂ ಟ್ರಿಗರ್‌ಗೆ ತೂಕದ ಕಲ್ಲು ಸಿಕ್ಕಿಸಿ ನೇರ ಮೇಲೆತ್ತುತ್ತಾರೆ. ಅದು ಬಿಟ್ಟುಕೊಂಡರೆ ಫೇಲು. ಹಾಗಾಗಿ 500ಕ್ಕೆ ಸರಿಯಾಗಿ ಇಡದೆ ಒಂದಿಷ್ಟು ಹೆಚ್ಚೇ ಇಡುವುದು ಜಾಣತನ. ಇಡೀ ಏರ್ ಪಿಸ್ತೂಲು 1500 ಗ್ರಾಂ ಮೀರುವಂತಿಲ್ಲ, 420 x 200 x 50 ಮಿಲಿಮೀಟರ್ ಪೆಟ್ಟಿಗೆಯಲ್ಲಿ ಕೂರಬೇಕು. 25 ಮೀಟರ್ ಪಿಸ್ತೂಲಿಗೆ 1400 ಗ್ರಾಂ, 300 x 150 x 50ರ ಪೆಟ್ಟಿಗೆ. ಲೆನ್ಸ್ ಇರುವ ಸೈಟ್ ಇಲ್ಲ, ತೆರೆದ ಸೈಟ್ ಮಾತ್ರ.

ಕೈಗೆ ಹೊಂದಿಸುವುದು ಎಲ್ಲಿಯವರೆಗೆ ಹೋಗಬಹುದು ಅನ್ನೋದಕ್ಕೆ ಹಳೆಯ 50 ಮೀಟರ್ ಫ್ರೀ ಪಿಸ್ತೂಲ್ ಸಾಕ್ಷಿ. ಅದರ ಹಿಡಿ ಇಡೀ ಅಂಗೈಯನ್ನು ಕೈಗವಸಿನಂತೆ ಸುತ್ತಿಕೊಳ್ಳುತ್ತಿತ್ತು, ಟ್ರಿಗರ್ ತೂಕಕ್ಕೆ ಮಿತಿಯೇ ಇರಲಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅವರು ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದವರು. (ಎಂಜಿನಿಯರಿಂಗ್ ಓದಿ ಬೇರೆ ಕೆಲಸಕ್ಕೆ ಬಂದ ನಮ್ಮಂಥವರಿಗೆ ಇದು ಸಣ್ಣ ಸಮಾಧಾನ.) ರಿಯೊ ಒಲಿಂಪಿಕ್ಸ್ ನಂತರ 50 ಮೀಟರ್ ಪಿಸ್ತೂಲ್ ಸ್ಪರ್ಧೆಯನ್ನೇ ಒಲಿಂಪಿಕ್‌ನಿಂದ ತೆಗೆದರು. ಈಗ ಕರ್ನಾಟಕದ ಹೆಸರು ಕೇಳಿಸುವುದು ಏರ್ ಪಿಸ್ತೂಲಿನಲ್ಲಿ: ದಿವ್ಯಾ ಟಿ.ಎಸ್. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಮಿಶ್ರ ತಂಡ ವಿಭಾಗದಲ್ಲಿ ಸರಬ್ಜೋತ್ ಸಿಂಗ್ ಜೊತೆ ಬೆಳ್ಳಿ ತಂದರು.

ಆಯ್ಕೆಯಲ್ಲಿ ಇನ್ನೊಂದು ಮಾತು. ಟೋಕಿಯೊದಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟಿತು. ಸರಿಪಡಿಸಿಕೊಂಡು ಬರುವಷ್ಟರಲ್ಲಿ ಅಮೂಲ್ಯ ನಿಮಿಷಗಳು ಹೋದವು, 12ನೇ ಸ್ಥಾನಕ್ಕೆ ನಿಂತರು. ಅದೇ ಮನು 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದರು. ಬಿಡಿಭಾಗ ಸಿಗದ, ರಿಪೇರಿ ಮಾಡುವವರು ಹತ್ತಿರ ಇಲ್ಲದ ಬ್ರ್ಯಾಂಡು ಎಷ್ಟೇ ಚೆನ್ನಾಗಿದ್ದರೂ ಹಳ್ಳಿಯಿಂದ ಬರುವವರಿಗೆ ಹೊರೆ. ಸ್ಟೈಯರ್, ಮೊರಿನಿ, ವಾಲ್ತರ್, ಪಾರ್ದಿನಿ ಎಲ್ಲ ಆಮದಿನವು, ಬೆಲೆ ಲಕ್ಷ ದಾಟುತ್ತದೆ. ಕಲಿಕೆಗೆ ಪ್ರೆಸಿಹೋಲ್‌ನಂಥ ದೇಶೀ ಕಂಪನಿಯ ಏರ್ ಗನ್ ಸಾಕು.

ಕಾನೂನಿನ ಗೆರೆ

ಗ್ರಿಪ್ ಉಜ್ಜುವುದು ಹೊಂದಿಸುವುದು, ಬ್ಯಾರೆಲ್ ಮುಟ್ಟುವುದು ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ನಳಿಗೆ ಮೊಟಕು ಮಾಡುವಂತಿಲ್ಲ, ಆಟಿಕೆ ಅಥವಾ ನಕಲಿ ಗನ್ನನ್ನು ಅಸಲಿ ಮಾಡುವಂತಿಲ್ಲ. 2019ರ ತಿದ್ದುಪಡಿ, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನೂ ಸೇರಿಸಿತು. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. 20 ಇಂಚಿಗಿಂತ ಗಿಡ್ಡ ನಳಿಗೆಯ ಸ್ಮೂತ್ ಬೋರ್ ಬಂದೂಕು ತಾನಾಗೇ ನಿಷೇಧಿತ ವರ್ಗಕ್ಕೆ ಬೀಳುತ್ತದೆ. ಮನೆಯ ಹಳೇ ಲೈಸೆನ್ಸ್ ಬಂದೂಕನ್ನು "ಸ್ವಲ್ಪ ಕೊಯ್ಸಿದ್ರ ಏನಾಗ್ತೈತಿ" ಅನ್ನುವವರಿಗೆ ಉತ್ತರ ಇದು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೂ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ನಾಡ ಪಿಸ್ತೂಲಿಗೆ ಇನ್ನೊಂದು ಲೆಕ್ಕವಿದೆ, ಅದು ಮೆಕ್ಯಾನಿಕಲ್ ಲೆಕ್ಕ. ಪಾಯಿಂಟ್ 32 ತೋಟಾ ಸಿಡಿದಾಗ ಚೇಂಬರಿನ ಒತ್ತಡ 20,500 ಪಿಎಸ್‌ಐವರೆಗೆ ಹೋಗಬಹುದು. ಕಾರಿನ ಟೈರಿನಲ್ಲಿ ಇರುವುದು 32ರ ಆಸುಪಾಸು. ಆರುನೂರು ಪಟ್ಟು ಹೆಚ್ಚು ಒತ್ತಡವನ್ನು ಯಾವುದೋ ಪೈಪು ತಡೆಯುತ್ತದೆ ಅಂತ ನಂಬಿ ಮುಖದ ಮುಂದೆ ಹಿಡಿಯುವುದು ಅಂದ್ರೆ? ಕಾರ್ಖಾನೆಯ ಗನ್ ಮಾರಾಟಕ್ಕೆ ಮೊದಲು ಹೆಚ್ಚಿನ ಒತ್ತಡದ ತೋಟಾ ಹಾಕಿಸಿಕೊಂಡು ಪರೀಕ್ಷೆ ಪಾಸಾಗಿರುತ್ತದೆ. ನಾಡ ಪಿಸ್ತೂಲಿಗೆ ಆ ಪರೀಕ್ಷೆ ಅದನ್ನು ಕೊಂಡವನ ಕೈಯಲ್ಲೇ ನಡೆಯುತ್ತದೆ.

ಈಗ ನನ್ನ ತಕರಾರು. 2019ರ ತಿದ್ದುಪಡಿ ಒಬ್ಬನಿಗೆ ಎರಡೇ ಬಂದೂಕು ಅಂದಿತು, ಸರಿ. 2020ರ ಫೆಬ್ರುವರಿಯಲ್ಲಿ ಗೃಹ ಸಚಿವಾಲಯ ಹೆಸರಾಂತ ಶೂಟರ್‌ಗಳಿಗೆ 8ರಿಂದ 12ರವರೆಗೆ ಗನ್ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತು. ವರ್ಷಕ್ಕೆ ಅಭ್ಯಾಸದ ಪಾಯಿಂಟ್ 22 ತೋಟಾ 1000ದಿಂದ 5000ಕ್ಕೆ ಏರಿತು. ಅದೂ ಬೇಕಾದದ್ದೇ. ಕೊಡವರಿಗೆ, ಜಮ್ಮಾ ಭೂಮಿ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಇರುವ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಅವರ ಪಂದ್ಯ ನಮ್ಮ ನಾಡಿನ ನಿಜವಾದ ಪ್ರಾಕ್ಟಿಕಲ್ ಶೂಟಿಂಗ್ ಅಂತ ನನಗನ್ನಿಸುತ್ತದೆ. ಇದರಲ್ಲಿ ಯಾವುದನ್ನೂ ಕಿತ್ತುಕೊಳ್ಳಿ ಅಂತ ಹೇಳುತ್ತಿಲ್ಲ. ಈಗಾಗಲೇ ಬಂದೂಕು ಇರುವವರಿಗೆ, ಪದಕ ಇರುವವರಿಗೆ ನಿಯಮ ಬದಲಾಗುತ್ತದೆ. ತಾಂಬಾದ ಹೈಸ್ಕೂಲು ಹುಡುಗಿಗೆ ಬದಲಾಗಬೇಕಾದ್ದು ನಿಯಮ ಅಲ್ಲ, ಒಂದು ಹಾಲ್. ಹತ್ತು ಮೀಟರ್ ದೂರ, ಹಿಂದೆ ಪೆಲೆಟ್ ತಡೆಯುವ ತಗಡು, ಒಳ್ಳೆಯ ಬೆಳಕು, ಒಬ್ಬ ತರಬೇತುದಾರ. ಲೈಸೆನ್ಸೇ ಬೇಡದ ಆಟಕ್ಕೆ ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನ ಒಂದು ಉದ್ದ ಕೋಣೆ ಸಾಕು. ಭೀಮಾ ತೀರದ ಹಿಂಸೆ ಬಗ್ಗೆ ಭಾಷಣ ಮಾಡುವ ಯಾವ ಪ್ರಣಾಳಿಕೆಯಲ್ಲೂ ನಾನು ಇದನ್ನು ಓದಿಲ್ಲ. ನಿಮ್ಮ ಶಾಸಕರನ್ನು ಕೇಳಲು ಇದು ತಕ್ಕ ಪ್ರಶ್ನೆ.

ಅಲ್ಲಿಯವರೆಗೆ ಅಗ್ಗದ ದಾರಿ ಎನ್‌ಸಿಸಿ. ಪಾಯಿಂಟ್ 22 ರೈಫಲ್ ಕೈಗೆ ಕೊಟ್ಟು, ಪಕ್ಕದಲ್ಲಿ ತಿಳಿದವರು ನಿಂತು ಗುಂಡು ಹೊಡೆಸುವುದು ಅಲ್ಲಿ ತರಬೇತಿಯ ಭಾಗ. ಆಸೆ ಮುಂದುವರಿದರೆ ರಾಜ್ಯ ರೈಫಲ್ ಸಂಸ್ಥೆಗೆ ಸೇರಿದ ಕ್ಲಬ್ಬಿನ ಸದಸ್ಯತ್ವ. ಮಾನ್ಯತೆ ಪಡೆದ ಕ್ಲಬ್ ತನ್ನ ಲೈಸೆನ್ಸಿನಲ್ಲೇ ಬಂದೂಕು ಇಟ್ಟುಕೊಂಡು ಅಭ್ಯಾಸ ಮಾಡಿಸಬಹುದು. ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು. ಮೊದಲ ಆರು ತಿಂಗಳು ಏನನ್ನೂ ಕೊಳ್ಳಬೇಡಿ, ಕ್ಲಬ್ಬಿನ ಪಿಸ್ತೂಲಿನಲ್ಲೇ ಹೊಡೆಯಿರಿ. ಕೊಳ್ಳುವಾಗ ಅಂಗೈಯ ಅಳತೆ ಕೊಟ್ಟು ಸಣ್ಣ, ಮಧ್ಯಮ, ದೊಡ್ಡ ಗ್ರಿಪ್‌ನಲ್ಲಿ ಸರಿಯಾದದ್ದನ್ನೇ ಕೇಳಿ. ಉಜ್ಜಿ ಸಣ್ಣದು ಮಾಡಬಹುದು, ಸಣ್ಣದನ್ನು ದೊಡ್ಡದು ಮಾಡುವುದು ಕಷ್ಟ. ಬಿಲ್ಲನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ. ಬಸ್ಸಿನಲ್ಲಿ ಒಯ್ಯುವಾಗ ಪೊಲೀಸರು ಕೇಳುವುದು ಅದನ್ನೇ.